ಪೆನ್ಷನ್ ಬಂದ ಮೇಲೆ ಕಸೂತಿ ವ್ಯಾಪಾರ: ಸೂಜಿಯಿಂದ ಬಿಲ್ಲಿನ ತನಕ

ಪೆನ್ಷನ್ ಬರುವವರು ಕೈಕೆಲಸದ ವ್ಯಾಪಾರಕ್ಕೆ ಇಳಿದರೆ ಒಂದು ಅಪಾಯ ಇದೆ. ಅಪಾಯ ನಮಗಲ್ಲ, ಅದೇ ಕೆಲಸದಿಂದ ಮನೆ ನಡೆಸುವವರಿಗೆ. ತಿಂಗಳು ತಿಂಗಳು ನಮಗೆ ದುಡ್ಡು ಬಂದೇ ಬರುತ್ತದೆ. ಹಾಗಾಗಿ "ಸುಮ್ನೆ ಹೊತ್ತು ಹೋಗಲಿ ಅಂತ ಮಾಡ್ತೀನಿ, ದಾರದ ಖರ್ಚು ಬಂದ್ರೆ ಸಾಕು" ಅಂತ ಸಿಕ್ಕ ಬೆಲೆಗೆ ಕೊಟ್ಟುಬಿಡುತ್ತೇವೆ. ಮರುವಾರ ಅದೇ ಗಿರಾಕಿ ಹಿಂದಿನ ಓಣಿಯ ಹೆಣ್ಣುಮಗಳ ಹತ್ತಿರ ಹೋಗಿ, "ಅಲ್ಲಿ ಸಾಲಿ ಅಕ್ಕಾರು (ಶಾಲೆಯ ಟೀಚರು) ಇದರ ಅರ್ಧಕ್ಕ ಕೊಡ್ತಾರ್ರೀ" ಅನ್ನುತ್ತಾರೆ. ಆಕೆ ಏನು ಹೇಳಬೇಕು? ದರ ಇಳಿಸಬೇಕು, ಇಲ್ಲ ಸೂಜಿ ಕೆಳಗಿಡಬೇಕು.

ಅದಕ್ಕೇ ಮೊದಲು ಒಂದು ಮಾತು ಗಟ್ಟಿ ಮಾಡಿಕೊಳ್ಳಿ. ಪೆನ್ಷನ್ ಇರುವುದು ನಿಮಗೆ ಅವಸರ ಇಲ್ಲದಿರಲಿ ಅಂತ. ಬೆಲೆ ಇಳಿಸಲಿ ಅಂತಲ್ಲ. ಕೆಳಗೆ ಬರೆದದ್ದೆಲ್ಲ ಈ ಮಾತಿನ ಮೇಲೇ ನಿಂತಿದೆ. ನಾನು ಧಾರವಾಡದ ಕಡೆಯವಳು, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಹಾಗಾಗಿ ಉದಾಹರಣೆಗೆ ಕಸೂತಿಯನ್ನೇ ಹಿಡಿದಿದ್ದೇನೆ. ನಿಮ್ಮದು ಮಣ್ಣಿನ ಕೆಲಸವೋ, ಮರದ ಆಟಿಕೆಯೋ ಆಗಿದ್ದರೂ ಲೆಕ್ಕ ಮತ್ತು ಕಾಗದಪತ್ರದ ಭಾಗ ಹೆಚ್ಚು ಕಡಿಮೆ ಇದೇ.

ಕೆಲಸದಲ್ಲಿ ಇರುವಾಗ ಕಲಿಯಿರಿ, ಮಾರಬೇಡಿ

ನಿವೃತ್ತಿಗೆ ಒಂದೆರಡು ವರ್ಷ ಇರುವಾಗಲೇ ಕಲಿಯಲು ಶುರು ಮಾಡಿದರೆ ಒಳ್ಳೆಯದು. ಆದರೆ ಸರ್ಕಾರಿ ನೌಕರರು ಸೇವೆಯಲ್ಲಿ ಇರುವಾಗ ವ್ಯಾಪಾರ ಮಾಡುವಂತಿಲ್ಲ. ನಡತೆ ನಿಯಮಗಳು ಅದನ್ನು ತಡೆಯುತ್ತವೆ. ಗಂಡ ಅಥವಾ ಹೆಂಡತಿಯ ಹೆಸರಲ್ಲಿ ಶುರು ಮಾಡುವ ಯೋಚನೆ ಇದ್ದರೂ ಮೊದಲು ಆಫೀಸಿನಲ್ಲಿ ಕೇಳಿ. ಕೊನೆಯ ವರ್ಷದಲ್ಲಿ ಒಂದು ದೂರಿನ ಅರ್ಜಿ ಬಂದು ಪೆನ್ಷನ್ ಕಾಗದ ನಿಂತುಹೋಗುವುದು ಯಾರಿಗೆ ಬೇಕು? ಖಾಸಗಿ ಕಂಪನಿಯಲ್ಲಿ ಇರುವವರು ನೇಮಕಾತಿ ಪತ್ರ ಒಮ್ಮೆ ತೆಗೆದು ಓದಿ. ಬೇರೆ ಉದ್ಯೋಗ ಮಾಡಬಾರದು ಅನ್ನುವ ಸಾಲು ಅದರಲ್ಲೂ ಇರಬಹುದು.

ಮೊದಲು ಕಣ್ಣು, ಆಮೇಲೆ ಸೂಜಿ

ಕಸೂತಿಯಲ್ಲಿ ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಇರುವುದಿಲ್ಲ, ಅಚ್ಚೂ ಇರುವುದಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ಆನೆ, ತುಳಸಿಕಟ್ಟೆ ಎಲ್ಲವನ್ನೂ ಮೂಡಿಸಬೇಕು. ಅರವತ್ತು ದಾಟಿದವರಿಗೆ ಇದು ಸಣ್ಣ ಕೆಲಸ ಅಲ್ಲ. ಕಣ್ಣಿನ ಡಾಕ್ಟರ ಹತ್ತಿರ ಹೋಗುವಾಗ ಒಂದು ಬಟ್ಟೆ, ಸೂಜಿ ತಗೊಂಡೇ ಹೋಗಿ. ಮಡಿಲಲ್ಲಿ ಇಟ್ಟುಕೊಂಡು, ನೀವು ಕೆಲಸ ಮಾಡುವ ದೂರ ಎಷ್ಟು ಅಂತ ತೋರಿಸಿ. ಪೇಪರ್ ಓದುವ ದೂರ ಬೇರೆ, ಸೂಜಿ ಕೆಲಸದ ದೂರ ಬೇರೆ. ದೂರಕ್ಕೂ ಹತ್ತಿರಕ್ಕೂ ಒಂದೇ ಕನ್ನಡಕ ಹಾಕುವವರು ಕತ್ತು ಎತ್ತಿ, ಗದ್ದ ಮುಂದೆ ಚಾಚಿ ಕೆಲಸ ಮಾಡುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಕತ್ತು ಹಿಡಿಯುತ್ತದೆ. ಸೂಜಿ ಕೆಲಸಕ್ಕೆ ಅಂತಲೇ ಬೇರೆ ಕನ್ನಡಕ ಮಾಡಿಸಿ. ಕಣ್ಣಿಗೆ ಪೊರೆ ಶುರುವಾಗಿದ್ದರೆ ಆಪರೇಷನ್ ಬೇಕೋ ಅಂತ ಡಾಕ್ಟರನ್ನು ಕೇಳಿ, ಬೇಕಿದ್ದರೆ ಮುಗಿಸಿಕೊಂಡು ಬನ್ನಿ.

ಬೆಳಕು ಎಡಗಡೆಯಿಂದ ಬರಲಿ. ಎಡಗೈಯವರಾದರೆ ಬಲಗಡೆಯಿಂದ. ಇಲ್ಲದಿದ್ದರೆ ಸೂಜಿ ಹಿಡಿದ ಕೈಯ ನೆರಳು ಸರಿಯಾಗಿ ಎಣಿಸುವ ಜಾಗದ ಮೇಲೇ ಬೀಳುತ್ತದೆ. ಕಪ್ಪು ಚಂದ್ರಕಾಳಿ ಸೀರೆಯ ಬಟ್ಟೆಯ ಮೇಲೆ ರಾತ್ರಿ ಹೊತ್ತು ಕೆಲಸ ಬೇಡವೇ ಬೇಡ. ಹಗಲಲ್ಲೂ ಕಪ್ಪು ಬಟ್ಟೆಯಾದರೆ ಮಡಿಲಲ್ಲಿ ಒಂದು ಬಿಳಿ ಪಂಜೆ ಹಾಸಿಕೊಳ್ಳಿ. ಎಳೆಗಳ ನಡುವಿನ ಕಂಡಿಗಳಲ್ಲಿ ಬಿಳುಪು ಕಾಣುತ್ತದೆ, ಎಣಿಕೆ ತಪ್ಪುವುದಿಲ್ಲ.

ಕಲಿಯುವುದು: ನಾಲ್ಕೇ ಹೊಲಿಗೆ, ಆದರೆ ಅವಸರ ಬೇಡ

ಗವಂತಿ, ಮುರಗಿ, ನೇಯ್ಗಿ, ಮೆಂತಿ. ಕಸೂತಿಯ ಹೊಲಿಗೆ ಇಷ್ಟೇ. ಗೆರೆಯಂತೆ ಹೋಗುವ ಗವಂತಿ ಮತ್ತು ಮೆಟ್ಟಿಲಿನಂತೆ ಹೋಗುವ ಮುರಗಿಯಲ್ಲಿ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣಬೇಕು. ನೇಯ್ಗಿ ನೇಯ್ದ ಹಾಗೆ ಉದ್ದಕ್ಕೆ ಹೋಗುತ್ತದೆ. ಮೆಂತಿ ಗುಣಿಸುವ ಗುರುತಿನ ಹಾಗೆ ಅಡ್ಡ ಹಾಯುವ ಹೊಲಿಗೆ, ಜಾಗ ತುಂಬಲಿಕ್ಕೆ. ಈ ಎರಡರಲ್ಲಿ ಹಿಂಬದಿ ಬೇರೆಯೇ ಇರುತ್ತದೆ.

ಶುರುವಿಗೆ ಮ್ಯಾಟಿ ಬಟ್ಟೆ ತಗೊಳ್ಳಿ. ಅದರ ಎಳೆ ದಪ್ಪ, ಎಣಿಸಲು ಸುಲಭ. ಆರು ಎಳೆಯ ಆಂಕರ್ ದಾರದಿಂದ ಎರಡು ಎಳೆ ಬಿಡಿಸಿ ಪೋಣಿಸಿಕೊಳ್ಳಿ. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಮನೆ (ಒಂದು ಹೊಲಿಗೆಗೆ ಎಣಿಸಿದಷ್ಟು ಎಳೆ) ಮೇಲೆ, ಒಂದು ಮನೆ ಕೆಳಗೆ ಹೋಗುತ್ತದೆ. ಹೋಗುವ ದಾರಿಯಲ್ಲಿ ಬಿಟ್ಟ ಮನೆಗಳನ್ನು ಬರುವ ದಾರಿಯಲ್ಲಿ ತುಂಬುತ್ತೀರಿ. ಚಿತ್ತಾರದಲ್ಲಿ ಕೊಂಬೆ ಬಂದ ಕಡೆ ಅದರ ತುದಿ ತನಕ ಹೋಗಿ, ವಾಪಸ್ ಬುಡಕ್ಕೆ ಬಂದು, ಆಮೇಲೆ ಮುಂದಕ್ಕೆ ಹೋಗಬೇಕು. ಎಲ್ಲೂ ಗಂಟು ಹಾಕುವಂತಿಲ್ಲ. ದಾರದ ತುದಿಯನ್ನು ಹೊಲಿಗೆಯ ಒಳಗೇ ಅಡಗಿಸಬೇಕು. ಒಂದೇ ಒಂದು ಎಳೆ ತಪ್ಪಿ ಎಣಿಸಿದರೆ ಆ ಹೊತ್ತಿಗೆ ಗೊತ್ತಾಗುವುದಿಲ್ಲ. ಗೋಪುರದ ಆಚೆ ಬದಿಗೆ ಬಂದು ಮೂಲೆ ಕೂಡಿಸುವಾಗ ಕೂಡುವುದಿಲ್ಲ. ಆಗ ಬಿಚ್ಚುತ್ತಾ ಹಿಂದಕ್ಕೆ ಹೋಗಬೇಕು. ಅಲ್ಲಲ್ಲೇ ಹೊಂದಿಸಿ ಮುಚ್ಚಿಬಿಡೋಣ ಅಂತ ಆಸೆ ಆಗುತ್ತದೆ. ಬೇಡ. ಕೆಲಸ ಗೊತ್ತಿರುವ ಗಿರಾಕಿ ಮೊದಲು ನೋಡುವುದೇ ಬಟ್ಟೆ ಮಗುಚಿ.

ಎಳೆ ಎಣಿಸಲು ಆಗದಷ್ಟು ನಯವಾದ ರೇಷ್ಮೆ ಬಟ್ಟೆಗೆ ಮೇಲೊಂದು ಕ್ಯಾನ್ವಾಸ್ ತುಂಡು ಕಚ್ಚಾ ಹೊಲಿಗೆ ಹಾಕಿ, ಅದರ ಎಳೆ ಎಣಿಸಿ ಕಸೂತಿ ಮಾಡಿ, ಕೊನೆಗೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಇದು ಎರಡನೇ ವರ್ಷದ ಪಾಠ.

ಯಾರ ಹತ್ತಿರ ಕಲಿಯುವುದು? ಹುಬ್ಬಳ್ಳಿ-ಧಾರವಾಡದಲ್ಲಿ ಕಲಿಸುವವರು ಇದ್ದಾರೆ. ವಿಡಿಯೊ ನೋಡಿಯೂ ಕಲಿಯಬಹುದು. ಆದರೆ ಕೈ ನೋಡಿ "ಇಲ್ಲಿ ದಾರ ಜಗ್ಗಿದ್ದೀರಿ" ಅಂತ ಹೇಳುವವರು ಒಬ್ಬರು ಬೇಕೇ ಬೇಕು. ಅವರಿಗೆ ಫೀ ಕೊಟ್ಟು ಕಲಿಯಿರಿ. ಜೀವನವಿಡೀ ಬೇರೆಯವರಿಗೆ ಹೇಳಿಕೊಟ್ಟು ಅಭ್ಯಾಸ ಇರುವ ನಮ್ಮಂಥವರಿಗೆ, ನಮಗಿಂತ ಸಣ್ಣ ವಯಸ್ಸಿನವರ ಹತ್ತಿರ ಹೇಳಿಸಿಕೊಳ್ಳುವುದು ಸ್ವಲ್ಪ ಕಷ್ಟ, ಅಲ್ವಾ?

ದುಡ್ಡು: ಗ್ರಾಚ್ಯುಟಿಗೆ ಕೈ ಹಾಕಬೇಡಿ

ನಿವೃತ್ತಿ ಹಣ ಬಂದ ತಿಂಗಳಲ್ಲಿ ಎಲ್ಲರಿಗೂ ನಿಮ್ಮ ನೆನಪು ಜಾಸ್ತಿ ಆಗುತ್ತದೆ. ಅಂಗಡಿ ಹಿಡಿಯೋಣ, ಬೋರ್ಡ್ ಹಾಕಿಸೋಣ, ಉದ್ಘಾಟನೆಗೆ ಯಾರನ್ನಾದರೂ ಕರೆಯೋಣ ಅನ್ನುವ ಸಲಹೆಗಳು ಬರುತ್ತವೆ. ಯಾವುದಕ್ಕೂ ಹೂಂ ಅನ್ನಬೇಡಿ. ದೊಡ್ಡ ಮೊತ್ತವನ್ನು ಮೊದಲು ಬಡ್ಡಿ ಬರುವ ಕಡೆ ಭದ್ರ ಮಾಡಿ. ಅಂಚೆ ಕಚೇರಿ, ಬ್ಯಾಂಕುಗಳಲ್ಲಿ ಸಿಗುವ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಮಿತಿ 2023ರಲ್ಲಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿದೆ. ಅವಧಿ 5 ವರ್ಷ, ಮೂರು ತಿಂಗಳಿಗೊಮ್ಮೆ ಬಡ್ಡಿ.

ಕಸೂತಿಗೆ ಯಂತ್ರ ಬೇಡ, ಶೆಡ್ ಬೇಡ. ಬಟ್ಟೆ, ದಾರ, ಸೂಜಿ, ಒಳ್ಳೆಯ ದೀಪ, ಬೆನ್ನು ಆನಿಸುವ ಕುರ್ಚಿ ಸಾಕು. ಕಳೆದುಹೋದರೂ ನಿದ್ದೆ ಕೆಡದಷ್ಟು ಒಂದು ಮೊತ್ತ ಬೇರೆ ತೆಗೆದಿಡಿ. ಅದಕ್ಕೆ ಬೇರೆಯೇ ಬ್ಯಾಂಕ್ ಖಾತೆ ಇರಲಿ, ಪೆನ್ಷನ್ ಬರುವ ಖಾತೆಯ ಜೊತೆ ಬೆರೆಸಬೇಡಿ. ಬೆರೆಸಿದರೆ ಲಾಭವೋ ನಷ್ಟವೋ ಯಾವತ್ತೂ ತಿಳಿಯುವುದಿಲ್ಲ. ಪೆನ್ಷನ್ ಸುಮ್ಮನೆ ನಷ್ಟ ತುಂಬುತ್ತಾ ಹೋಗುತ್ತದೆ. ಮೊದಲ ವರ್ಷ ಸಾಲವೂ ಬೇಡ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ, ಕೈಕಸುಬಿನವರಿಗೆ ಸಾಲ ಕೊಡುವ ಪಿಎಂ ವಿಶ್ವಕರ್ಮ ಯೋಜನೆ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅದರ 18 ಕಸುಬುಗಳಲ್ಲಿ ದರ್ಜಿ, ಕುಂಬಾರ, ಬುಟ್ಟಿ ಹೆಣೆಯುವವರು, ಗೊಂಬೆ ಮಾಡುವವರು ಇದ್ದಾರೆ, ಕಸೂತಿ ಅಂತ ಬೇರೆ ಹೆಸರಿಲ್ಲ.

ಏನು ಮಾಡಬೇಕು

ಮೊದಲೇ ಇಳಕಲ್ ಸೀರೆ ಹಿಡಿಯಬೇಡಿ. ಮೈ ತುಂಬಾ ಕಸೂತಿ ಇರುವ ಸೀರೆ ತಿಂಗಳುಗಟ್ಟಲೆ ತಿನ್ನುತ್ತದೆ. ಅಷ್ಟು ದಿನ ದುಡ್ಡು ಬಟ್ಟೆಯಲ್ಲೇ ಕೂತಿರುತ್ತದೆ. ಮೂರು ಸಾಮಾನು ಆರಿಸಿಕೊಳ್ಳಿ. ಒಂದು ಸಣ್ಣದು, ಕನ್ನಡಕದ ಚೀಲ ಅಥವಾ ಬಟುವ. ಒಂದು ಮಧ್ಯಮ, ದುಪಟ್ಟಾ ಅಥವಾ ತೋಳಿಗೆ, ಬೆನ್ನಿಗೆ ಕಸೂತಿ ಇರುವ ಕುಪ್ಪಸದ ಕಣ. ಇನ್ನೊಂದು ನಿಮ್ಮ ಮನಸ್ಸಿಗೆ ಬಂದದ್ದು.

ಉಡಿ ತುಂಬಲು ಕೊಡುವ ಕಣಕ್ಕೆ ಯಾರೂ ಜಾಸ್ತಿ ದುಡ್ಡು ಕೊಡುವುದಿಲ್ಲ. ಆದರೆ ಮಗಳ ಕುಬಸಕ್ಕೆ (ಸೀಮಂತಕ್ಕೆ), ಸೊಸೆಯ ಮೊದಲ ಹಬ್ಬಕ್ಕೆ ಕೊಡುತ್ತಾರೆ. ಗಿರಾಕಿ ಯಾವ ಸಂದರ್ಭಕ್ಕೆ ಕೇಳುತ್ತಿದ್ದಾರೆ ಅಂತ ತಿಳಿದುಕೊಂಡರೆ ಅರ್ಧ ವ್ಯಾಪಾರ ಆದಂತೆ. ಗೋಡೆಗೆ ಹಾಕುವ ಫ್ರೇಮ್ ಬೇಗ ಮಾರಿಹೋಗುತ್ತದೆ ನಿಜ. ನನಗೆ ಮಾತ್ರ ಅದು ಅಷ್ಟಕ್ಕಷ್ಟೇ. ಎರಡೂ ಬದಿ ಒಂದೇ ಥರ ಬರಲಿ ಅಂತ ಇಷ್ಟು ಕಷ್ಟಪಟ್ಟು, ಒಂದು ಬದಿಯನ್ನು ರಟ್ಟಿಗೆ ಅಂಟಿಸಿಬಿಡುವುದು ಯಾವ ನ್ಯಾಯ?

ಕೆಲಸ ಶುರು ಮಾಡುವ ಮೊದಲು ಬಟ್ಟೆ, ದಾರ ಎರಡರ ಬಣ್ಣವನ್ನೂ ಪರೀಕ್ಷೆ ಮಾಡಿ. ಬಿಳಿ ಬಟ್ಟೆ ಒದ್ದೆ ಮಾಡಿ ಗಟ್ಟಿಯಾಗಿ ಉಜ್ಜಿದರೆ ಸಾಕು, ಕೆಂಪು ಮತ್ತು ಕಪ್ಪು ತಮ್ಮ ಬಣ್ಣ ತೋರಿಸುತ್ತವೆ. ಬಣ್ಣ ಬಿಡುವ ಬಟ್ಟೆಯ ಮೇಲೆ ವಾರಗಟ್ಟಲೆ ಎಣಿಸಿ ಹಾಕಿದ ಬಿಳಿ ದಾರ ಮೊದಲ ಒಗೆತಕ್ಕೇ ಗುಲಾಬಿ ಆಗುತ್ತದೆ.

ಬೆಲೆ ಕಟ್ಟುವುದು

ಇಲ್ಲಿ ನಿಧಾನವಾಗಿ ಓದಿ. ಹೆಚ್ಚಿನವರು ಎಡವುವುದು ಇಲ್ಲೇ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಸೂಜಿ ಹಿಡಿದ ಹೊತ್ತು, ಬಿಟ್ಟ ಹೊತ್ತು ಬರೆಯಿರಿ. ಬಿಚ್ಚಿ ಮತ್ತೆ ಹಾಕಿದ ಹೊತ್ತೂ ಅದರಲ್ಲಿ ಸೇರಲಿ. "ಎರಡು ಮಧ್ಯಾಹ್ನದಲ್ಲಿ ಮುಗೀತು" ಅಂತ ನಾವು ಅಂದುಕೊಳ್ಳುವ ಕೆಲಸ ಗಡಿಯಾರ ನೋಡಿದಾಗ ನಾಲ್ಕು ಮಧ್ಯಾಹ್ನದ್ದಾಗಿರುತ್ತದೆ. ಆಮೇಲೆ ಗಂಟೆಗೆ ಒಂದು ಕೂಲಿ ನಿಗದಿ ಮಾಡಿ. ಎಷ್ಟು? ನಿಮಗೆ ಎಷ್ಟು ಸಾಕು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಇದೇ ಕೆಲಸವನ್ನು ಪೆನ್ಷನ್ ಇಲ್ಲದ ಹೆಣ್ಣುಮಗಳು ದಿನವಿಡೀ ಕೂತು ಮಾಡಿದರೆ ಆಕೆಗೆ ಎಷ್ಟು ಬರಬೇಕು ಅಂತ ಕೇಳಿಕೊಳ್ಳಿ.

ಲೆಕ್ಕದ ದಾರಿ ತಿಳಿಯಲಿ ಅಂತ ಒಂದು ಉದಾಹರಣೆ. ಅಂಕಿ ನಿಮ್ಮೂರಿಗೆ ತಕ್ಕಂತೆ ಬದಲಿಸಿಕೊಳ್ಳಿ. ಅಂಚಿಗೆ ಕಸೂತಿ ಇರುವ ಒಂದು ದುಪಟ್ಟಾ. ಬಟ್ಟೆ 250 ರೂಪಾಯಿ. ದಾರ 60. ಅಂಚು ಮಡಚಿ ಹೊಲಿಸಲು, ಇಸ್ತ್ರಿಗೆ 80. ಕವರ್, ಚೀಟಿ 20. ಕೈಕೆಲಸ 12 ಗಂಟೆ, ಗಂಟೆಗೆ 70ರಂತೆ 840. ಒಟ್ಟು 1,250. ಹಾಳಾಗುವ, ಕಲೆ ಬೀಳುವ, ಮಾರದೆ ಉಳಿಯುವ ಪೀಸುಗಳ ಬಾಬ್ತು ನೂರಕ್ಕೆ ಹತ್ತು, ಅಂದರೆ 125. ಈಗ 1,375 ಆಯಿತು. ಇದು ಅಸಲು. ಇದರ ಮೇಲೆ ಓಡಾಟ, ಫೋನು, ಮಳಿಗೆ ಬಾಡಿಗೆ, ನಿಮ್ಮ ಲಾಭ ಎಲ್ಲ ಸೇರಿ ನೂರಕ್ಕೆ ಮೂವತ್ತು ಹಾಕಿದರೆ 1,790ರ ಹತ್ತಿರ ಬರುತ್ತದೆ. 1,800 ಅಂತ ಚೀಟಿ ಹಚ್ಚುತ್ತೀರಿ.

ಈಗ ಒಂದು ಬುಟೀಕ್‌ನವರು ಬಂದು "ನಮ್ಮಲ್ಲಿ ಇಡಿ, ಮಾರಿದ ಮೇಲೆ ಮೂರರಲ್ಲಿ ಒಂದು ಪಾಲು ನಮಗೆ" ಅನ್ನುತ್ತಾರೆ. 1,800ರಲ್ಲಿ 600 ಹೋದರೆ ನಿಮಗೆ ಉಳಿಯುವುದು 1,200. ಅಸಲೇ 1,375 ಇತ್ತಲ್ಲ! ಪ್ರತಿ ದುಪಟ್ಟಾದ ಜೊತೆ 175 ರೂಪಾಯಿ ಕೈಯಿಂದ ಕೊಟ್ಟು ಕಳಿಸಿದಂತೆ. ಪೆನ್ಷನ್ ಇಲ್ಲದವರಿಗೆ ಇದು ಆ ತಿಂಗಳೇ ತಟ್ಟುತ್ತದೆ. ನಮಗೆ ತಟ್ಟುವುದೇ ಇಲ್ಲ, ಅದಕ್ಕೇ ವರ್ಷಗಟ್ಟಲೆ ನಡೆದುಬಿಡುತ್ತದೆ. ಅಂಗಡಿಗೆ ಕೊಡುವ ಇರಾದೆ ಇದ್ದರೆ ಮೊದಲಿನಿಂದಲೇ ಬೆಲೆ 2,100 ಇರಬೇಕು. ಮನೆಗೆ ಬಂದವರಿಗೂ ಅದೇ ಬೆಲೆ. ಮನೆಯಲ್ಲಿ 1,800ಕ್ಕೆ ಕೊಟ್ಟು ಅಂಗಡಿಯಲ್ಲಿ 2,100 ಅಂದರೆ ಅಂಗಡಿಯವರು ಮುಂದಿನ ಸಲ ಬಾಗಿಲು ಹಾಕುತ್ತಾರೆ.

"ಇಷ್ಟ ಯಾಕ್ರೀ ತುಟ್ಟಿ?" ಅಂತ ಕೇಳಿಯೇ ಕೇಳುತ್ತಾರೆ. ವಾದ ಬೇಡ. ದುಪಟ್ಟಾ ಕೈಗೆ ಕೊಟ್ಟು, ಗವಂತಿ ಹಾಕಿದ ಜಾಗವನ್ನು ಮಗುಚಿ ತೋರಿಸಿ. ಗಂಟು ಹುಡುಕಿ ಅಂತ ಹೇಳಿ. ಮೆಶಿನ್ ಕಸೂತಿಯ ಒಂದು ತುಂಡು ಪಕ್ಕದಲ್ಲೇ ಇರಲಿ. ಅದರ ಹಿಂಬದಿ ನೋಡಿದರೆ ಬೇರೇನೂ ಹೇಳಬೇಕಾಗಿಲ್ಲ. ತಗೊಳ್ಳುವವರು ತಗೊಳ್ಳುತ್ತಾರೆ, ಬಿಡುವವರು ಬಿಡುತ್ತಾರೆ.

ನೆಂಟರ ವಿಷಯ ಬೇರೆ. "ನಮ್ಮವರೇ ಅಲ್ವಾ" ಅನ್ನುವವರಿಗೆ ಎರಡೇ ದಾರಿ ಇಟ್ಟುಕೊಳ್ಳಿ. ಪೂರ್ತಿ ಉಡುಗೊರೆ, ಇಲ್ಲ ಪೂರ್ತಿ ಬೆಲೆ. ಅರ್ಧ ಬೆಲೆಗೆ ಕೊಟ್ಟರೆ ಅವರಿಗೆ ಉಪಕಾರವೂ ಅನಿಸುವುದಿಲ್ಲ, ನಿಮಗೆ ದುಡ್ಡೂ ಬರುವುದಿಲ್ಲ.

ಕಾಗದಪತ್ರ

ಮನೆಯಲ್ಲಿ ಕೂತು ಒಬ್ಬರೇ ಮಾಡುವ ವ್ಯಾಪಾರಕ್ಕೆ ಕಂಪನಿ ಮಾಡಬೇಕಾಗಿಲ್ಲ. ಸಣ್ಣ ಉದ್ಯಮ ಅಂತ ಕೇಂದ್ರ ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿ ಮಾಡಿಕೊಳ್ಳಿ. 2020ರ ಜುಲೈ 1ರಿಂದ ಇದು ಆಧಾರ್, ಪ್ಯಾನ್ ಮೇಲೆ ಆನ್‌ಲೈನಿನಲ್ಲೇ ಆಗುತ್ತದೆ, ಒಂದು ಪೈಸೆ ಶುಲ್ಕ ಇಲ್ಲ. ಸರ್ಕಾರಿ ವೆಬ್‌ಸೈಟಿನಂತೆಯೇ ಕಾಣುವ ಖಾಸಗಿ ವೆಬ್‌ಸೈಟುಗಳು ದುಡ್ಡು ಕೇಳುತ್ತವೆ. ವಿಳಾಸ ನೋಡಿ, ಜಿಒವಿ ಡಾಟ್ ಇನ್ ಅಂತ ಕೊನೆಯಾಗದಿದ್ದರೆ ಮುಚ್ಚಿಬಿಡಿ. ಕೇಂದ್ರದ ಜವಳಿ ಸಚಿವಾಲಯದ ಕರಕುಶಲ ವಿಭಾಗ ಕುಶಲಕರ್ಮಿಗಳಿಗೆ ಕೊಡುವ ಗುರುತಿನ ಚೀಟಿ, ಪೆಹಚಾನ್ ಕಾರ್ಡ್‌ಗೂ ಅರ್ಜಿ ಹಾಕಿ. ಸರ್ಕಾರಿ ಮೇಳಗಳಲ್ಲಿ ಮಳಿಗೆ ಕೇಳುವಾಗ ಇದು ಕೆಲಸಕ್ಕೆ ಬರುತ್ತದೆ.

ಜಿಎಸ್‌ಟಿ ಹೆಸರು ಕೇಳಿಯೇ ಹೆದರುವವರು ಜಾಸ್ತಿ. ಕರ್ನಾಟಕದ ಒಳಗೆ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವ ತನಕ ನೋಂದಣಿ ಬೇಡ. ಬೇರೆ ರಾಜ್ಯಕ್ಕೆ ಮಾರಿದರೆ ಸಾಮಾನ್ಯವಾಗಿ ಮೊದಲ ರೂಪಾಯಿಯಿಂದಲೇ ಬೇಕು. ಆದರೆ ಪಟ್ಟಿಯಲ್ಲಿರುವ ಕರಕುಶಲ ಸಾಮಾನುಗಳಿಗೆ 20 ಲಕ್ಷದ ತನಕ ವಿನಾಯಿತಿ ಇದೆ. ಪ್ಯಾನ್ ಇರಬೇಕು, ಸರಕು ಸಾಗಿಸಲು ಆನ್‌ಲೈನಿನಲ್ಲಿ ತೆಗೆಯುವ ಇ-ವೇ ಬಿಲ್ ಮಾಡಬೇಕು. ಅಮೆಜಾನ್, ಫ್ಲಿಪ್‌ಕಾರ್ಟ್‌ನಂಥ ಕಡೆ ಮಾರುವುದಾದರೆ ಲೆಕ್ಕ ಮತ್ತೆ ಬೇರೆ. 2023ರ ಅಕ್ಟೋಬರ್ 1ರಿಂದ ಸಣ್ಣವರು ಜಿಎಸ್‌ಟಿ ಇಲ್ಲದೆ, ಬರೀ ಒಂದು ದಾಖಲಾತಿ ಸಂಖ್ಯೆ ಪಡೆದು, ತಮ್ಮ ರಾಜ್ಯದ ಒಳಗೆ ಮಾರಬಹುದು. ರಾಜ್ಯ ದಾಟಿದರೆ ನೋಂದಣಿ ಬೇಕು. ಒಮ್ಮೆ ತೆರಿಗೆ ಸಲಹೆಗಾರರ ಹತ್ತಿರ ಕೂತು ನಿಮ್ಮ ಸಾಮಾನು ಯಾವ ಪಟ್ಟಿಗೆ ಬರುತ್ತದೆ ಅಂತ ಬರೆಸಿಕೊಳ್ಳಿ.

ಆದಾಯ ತೆರಿಗೆಯಲ್ಲಿ ಪೆನ್ಷನ್‌ದಾರರು ಮರೆಯುವ ಒಂದು ವಿಷಯ ಇದೆ. ವ್ಯಾಪಾರದ ಆದಾಯ ಬಂದ ಮೇಲೆ ಐಟಿಆರ್-1 ಅನ್ನುವ ರಿಟರ್ನ್ ನಮೂನೆ ಹಾಕುವಂತಿಲ್ಲ. ಸಣ್ಣ ವ್ಯಾಪಾರಕ್ಕೆ ಐಟಿಆರ್-4 ಇದೆ. ಅದರಲ್ಲಿ ವಹಿವಾಟಿನ ಶೇ. 8, ಯುಪಿಐ ಅಥವಾ ಬ್ಯಾಂಕ್ ಮೂಲಕ ಬಂದ ಹಣಕ್ಕೆ ಶೇ. 6 ಲಾಭ ಅಂತ ತೋರಿಸುವ ಸರಳ ಪದ್ಧತಿ ಇದೆ. ನಿಜವಾದ ಲಾಭ ಅದಕ್ಕಿಂತ ಜಾಸ್ತಿ ಇದ್ದರೆ ಜಾಸ್ತಿಯನ್ನೇ ತೋರಿಸಬೇಕು.

ಕಸೂತಿಗೆ ಜಿಐ, ಅಂದರೆ ಇದು ಈ ಸೀಮೆಯದ್ದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಅದು ಇರುವುದು ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಹೆಸರಲ್ಲಿ, ಅಂದರೆ ಕಾವೇರಿ ಎಂಪೋರಿಯಂ ನಡೆಸುವ ಸಂಸ್ಥೆ. ಜಿಐ ಗುರುತನ್ನು ಚೀಟಿಯ ಮೇಲೆ ಹಾಕಬೇಕಾದರೆ ಅಧಿಕೃತ ಬಳಕೆದಾರರಾಗಿ ಹೆಸರು ನೋಂದಾಯಿಸಬೇಕು. ಸುಮ್ನೆ ಗೂಗಲ್‌ನಿಂದ ಚಿಹ್ನೆ ಇಳಿಸಿ ಅಚ್ಚು ಹಾಕಿಸಬೇಡಿ.

ಜೊತೆಗೆ ಕೆಲಸ ಮಾಡುವವರು

ಆರ್ಡರ್ ಹೆಚ್ಚಾದಾಗ ಇಬ್ಬರು ಮೂವರು ಹೆಣ್ಣುಮಕ್ಕಳಿಗೆ ಕೆಲಸ ಹಂಚಬೇಕಾಗುತ್ತದೆ. ಆಗ ನಮ್ಮೊಳಗಿನ ಹೆಡ್‌ಮೇಷ್ಟ್ರು, ಮ್ಯಾನೇಜರು ಎದ್ದು ಕೂರುತ್ತಾರೆ. ಆ ಮೇಷ್ಟ್ರನ್ನು, ಮ್ಯಾನೇಜರನ್ನು ಸುಮ್ಮನಿರಿಸಿ. ಸೂಜಿ ಕೆಲಸದಲ್ಲಿ ಆ ಹೆಣ್ಣುಮಕ್ಕಳು ನಿಮಗಿಂತ ಸೀನಿಯರ್.

ಬಟ್ಟೆ, ದಾರ ನೀವೇ ಕೊಡಿ. ಪೀಸಿನ ಲೆಕ್ಕದಲ್ಲಿ ಕೂಲಿ ಕೊಡುವುದಾದರೆ, ನಿಮ್ಮ ನೋಟ್‌ಬುಕ್ಕಿನ ಗಂಟೆ ಲೆಕ್ಕದಿಂದಲೇ ಅದನ್ನು ಕಟ್ಟಿ. ನಿಮ್ಮ ಕೈಗೆ ಹಿಡಿಯುವ 12 ಗಂಟೆಯ ಕೆಲಸವನ್ನು ಪಳಗಿದವರು 8 ಗಂಟೆಯಲ್ಲಿ ಮುಗಿಸಬಹುದು. ಅದಕ್ಕೆ ಕೂಲಿ ಕಡಿಮೆ ಮಾಡಬೇಡಿ, ಅದು ಅವರ ಕೈಚಳಕದ ಸಂಪಾದನೆ. ದುಡ್ಡು ಕೊಡಬೇಕಾದದ್ದು ಕೆಲಸ ಕೈಗೆ ಬಂದ ದಿನ. "ಮಾರಿದ ಮೇಲೆ ಕೊಡ್ತೀನಿ" ಅಂದರೆ ನಿಮ್ಮ ವ್ಯಾಪಾರಕ್ಕೆ ಅವರು ಬಂಡವಾಳ ಹಾಕಿದಂತೆ ಆಗುತ್ತದೆ. ಮಾಡಿದವರ ಹೆಸರನ್ನು, ಅವರು ಒಪ್ಪಿದರೆ, ಚೀಟಿಯಲ್ಲಿ ಬರೆಯಿರಿ.

ಮಾರುವುದು

ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಮಾಡಲು ಮೊಮ್ಮಕ್ಕಳು ಅರ್ಧ ಗಂಟೆಯಲ್ಲಿ ಹೇಳಿಕೊಡುತ್ತಾರೆ. ಫೋಟೊ ಬೆಳಗಿನ ಬಿಸಿಲು ನೇರ ಬೀಳದ ಕಿಟಕಿ ಹತ್ತಿರ ತೆಗೆಯಿರಿ. ಒಂದು ಪೂರ್ತಿ, ಒಂದು ಹತ್ತಿರದಿಂದ, ಒಂದು ಹಿಂಬದಿ. ಬೆಲೆಯನ್ನು ಫೋಟೊ ಕೆಳಗೇ ಬರೆಯಿರಿ. "ಬೆಲೆಗೆ ಮೆಸೇಜ್ ಮಾಡಿ" ಅಂದರೆ ಅರ್ಧ ಜನ ಮೆಸೇಜ್ ಮಾಡುವುದೇ ಇಲ್ಲ.

ಹಬ್ಬದ ಲೆಕ್ಕ ಗೊತ್ತಿರಲಿ. ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಬೆಂಗಳೂರು, ಮೈಸೂರು ಕಡೆಯವರಿಗೆ ವರಮಹಾಲಕ್ಷ್ಮಿ, ಗೌರಿ ಹಬ್ಬ. ಆಷಾಢದಲ್ಲಿ ಮದುವೆ ಇಲ್ಲ, ವ್ಯಾಪಾರ ಮಂದ. ಆ ತಿಂಗಳು ಕೂತು ಶ್ರಾವಣಕ್ಕೆ ಸರಕು ಮಾಡಿ ಮುಗಿಸಿ. ಪ್ರದರ್ಶನಕ್ಕೆ ಹೋಗುವ ಮೊದಲು ಒಂದು ಸಲ ಗಿರಾಕಿಯಾಗಿ ಹೋಗಿ ನೋಡಿಕೊಂಡು ಬನ್ನಿ. ಮಳಿಗೆ ಬಾಡಿಗೆ ಎಷ್ಟು ದುಪಟ್ಟಾದ ಲಾಭಕ್ಕೆ ಸಮ ಅಂತ ಲೆಕ್ಕ ಹಾಕಿ. ಅಷ್ಟು ದುಪಟ್ಟಾ ನಿಮ್ಮ ಹತ್ತಿರ ಇಲ್ಲವೇ ಇಲ್ಲ ಅಂದರೆ ಹೋಗುವುದು ಯಾಕೆ? ದಿನವಿಡೀ ನಿಲ್ಲುವ ಕೆಲಸ ಅದು, ಮೊಣಕಾಲನ್ನೂ ಕೇಳಿ.

ವಿದೇಶದಲ್ಲಿರುವ ಕನ್ನಡದವರು ಯುಗಾದಿ, ರಾಜ್ಯೋತ್ಸವದ ಹೊತ್ತಿಗೆ ಕೇಳುತ್ತಾರೆ. ವ್ಯಾಪಾರ ಅಂತ ಹೊರದೇಶಕ್ಕೆ ಕಳಿಸಲು ಐಇಸಿ ಅನ್ನುವ ಆಮದು-ರಫ್ತು ಸಂಖ್ಯೆ ಬೇಕು. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳಲ್ಲಿ ಕಾಗದ ತುಂಬಲು ಸಹಾಯ ಮಾಡುತ್ತಾರೆ. ಊರಿಗೆ ಬಂದವರು ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋದರೆ ಇನ್ನೂ ಸುಲಭ, ಸದ್ಯಕ್ಕೆ ಅದೇ ಸಾಕು.

ಕೊನೆಯದು, ಮದುವೆ ಮನೆಯವರ ದೊಡ್ಡ ಆರ್ಡರ್. "ಇನ್ನೂರು ಬಟುವ, ಮುಂದಿನ ತಿಂಗಳು ಬೇಕು" ಅಂತ ಫೋನ್ ಬರುತ್ತದೆ. ಕೇಳಿದ ತಕ್ಷಣ ಖುಷಿ ಆಗುತ್ತದೆ. ಹೂಂ ಅನ್ನುವ ಮೊದಲು ನೋಟ್‌ಬುಕ್ ತೆಗೆಯಿರಿ. ಒಂದು ಬಟುವಕ್ಕೆ 3 ಗಂಟೆ ಅಂದರೆ 600 ಗಂಟೆ. ನೀವೂ ಇನ್ನಿಬ್ಬರೂ ದಿನಕ್ಕೆ 4 ಗಂಟೆಯಂತೆ, ಭಾನುವಾರವೂ ಬಿಡದೆ ಕೂತರೆ 50 ದಿನ. ತಿಂಗಳಲ್ಲಿ ಆಗುವುದಿಲ್ಲ. ಆಗುವಷ್ಟನ್ನು ಮಾತ್ರ ಹೇಳಿ, ಅರ್ಧ ದುಡ್ಡು ಮುಂಗಡ ತಗೊಳ್ಳಿ, ಬಣ್ಣ ಮತ್ತು ಚಿತ್ತಾರಕ್ಕೆ ಒಂದು ಮಾದರಿ ಒಪ್ಪಿಸಿಕೊಂಡು ಫೋಟೊ ಇಟ್ಟುಕೊಳ್ಳಿ. ಜಾಸ್ತಿ ತಗೊಳ್ಳುತ್ತೇವೆ ಅಂತ ಅವರು ಬೆಲೆ ಇಳಿಸಲು ಕೇಳಿದರೆ, ಇನ್ನೂರನೇ ಬಟುವಕ್ಕೂ ಮೊದಲನೆಯದಕ್ಕೆ ಹಿಡಿದಷ್ಟೇ ಹೊತ್ತು ಹಿಡಿಯುತ್ತದೆ ಅಂತ ಹೇಳಿ.